ಒಂದು ಎಮ್ಮೆ ಸೀಜ್ ಆದದ್ದು

ನಮ್ಮ ಸಣ್ಣಮ್ಮ ಗೂಡ್ಸ್ ಗಾಡಿ ಓಡಿಸುತ್ತಾಳೆ. ಅವತ್ತು ತನ್ನ ತುಂಬು ಗಬ್ಬದ ಎಮ್ಮೆಯನ್ನೇ ಹತ್ತಿಸಿಕೊಂಡು ದನದ ಆಸ್ಪತ್ರೆಗೆ ಹೊರಟಿದ್ದಳು. ಸಂತೆ ಸರ್ಕಲ್ಲಿನಲ್ಲಿ ಎಸ್‌ಐ ಸಾಹೇಬರು ಅಡ್ಡ ಹಾಕಿದರು. ಲೈಸೆನ್ಸು, ಇನ್ಶೂರೆನ್ಸು ಎಲ್ಲವೂ ಸರಿಯಾಗಿತ್ತು. ಸಾಹೇಬರಿಗೆ ಅದಕ್ಕೇ ಸಿಟ್ಟು ಬಂತು! ಕಿಟಕಿಯೊಳಗೆ ಕೈ ಹಾಕಿ ಕೀ ಕಿತ್ತುಕೊಂಡರು.

"ಯಾಕೆ ಸಾರ್?"

"ನನ್ನನ್ನೇ ಕಾನೂನು ಕೇಳ್ತೀಯಾ? ಗಾಡಿ, ಎಮ್ಮೆ ಎರಡೂ ಸೀಜ್!"

ಸಣ್ಣಮ್ಮ ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದಳು. "ಆಗಲಿ ಸಾರ್. ಕಾರಣ ಬರೆದು, ಸಹಿ ಹಾಕಿ, ರಸೀದಿ ಕೊಡಿ."

ಸುತ್ತ ಜನ ಸೇರಿದ್ದರು. ಸಾಹೇಬರು ಪೆನ್ನು ತೆಗೆದು ಜೋರಾಗಿ ಓದುತ್ತಲೇ ಬರೆದರು: "ಗಾಡಿ ಒಂದು. ಎಮ್ಮೆ ಒಂದು." ಕಾರಣ ಬರೆಯುವ ಜಾಗಕ್ಕೆ ಬಂದು ತಲೆ ಕೆರೆದುಕೊಂಡರು.

ಅಷ್ಟರಲ್ಲಿ ಎಮ್ಮೆ ನರಳಿತು.

"ನೋವು ಶುರುವಾಯ್ತು ಸಾರ್! ಬೇಗ ಸಹಿ ಹಾಕಿ!"

"ಹಾಕಿದರೆ?"

"ಆಮೇಲೆ ಬಾಣಂತನ ಪೂರ್ತಿ ನಿಮ್ಮದೇ! ರಸೀದಿಯಲ್ಲಿ ಇರೋದು ಒಂದೇ ಎಮ್ಮೆ. ಕೋರ್ಟಿಗೆ ಹೋಗೋ ಹೊತ್ತಿಗೆ ಕರುವೂ ಜೊತೆಗಿರುತ್ತೆ. ಇದನ್ನ ಯಾರ ಕೊಟ್ಟಿಗೆಯಿಂದ ಹಿಡ್ಕೊಂಡು ಬಂದ್ರಿ ಅಂತ ಜಡ್ಜ್ ಕೇಳಿದ್ರೆ ಏನು ಹೇಳ್ತೀರಿ?"

ಜನ ಗೊಳ್ಳೆಂದರು. ಸಾಹೇಬರು ರಸೀದಿ ಹರಿದು ಜೇಬಿಗೆ ತುರುಕಿಕೊಂಡರು. ಕೀ ಅವಳ ಕೈಗಿಟ್ಟರು. ತಮ್ಮ ಸರಹದ್ದಿನಲ್ಲಿ ಮಾತ್ರ ಎಮ್ಮೆ ಈಯಬಾರದೆಂದು, ದಾರಿ ಬಿಡಿಸಲು ತಾವೇ ಓಡಿ ಹೋಗಿ ಜೀಪು ಹತ್ತಿದರು.

ಸೈರನ್ ಹಾಕಿಕೊಂಡು ಜೀಪು ಮುಂದೆ, ಎಮ್ಮೆ ಹಿಂದೆ! ಯಾರೋ ಮಂತ್ರಿ ಬಂದರೆಂದು ಬೀದಿಯವರೆಲ್ಲ ಎದ್ದು ನಿಂತು ಕೈ ಮುಗಿದರು.