ಹಳೇ ಹೆಲಿಕಾಪ್ಟರಿಗೆ ಸಿಂಗ್ರಿಯ ಸಲ್ಯೂಟು

ಕೇಳ್ರಪ್ಪೋ! ನಗು ಬಂದರೆ ನಗಿ, ಬರದಿದ್ದರೆ ನನ್ನ ಬೋಳುತಲೆ ನೋಡಿಯಾದರೂ ನಗಿ.

ಚಿಕ್ಕತಾಯಮ್ಮನಿಗೆ ಒಬ್ಬನೇ ಮಗ, ಸಿಂಗ್ರಿ. ವಯಸ್ಸು ಮೂವತ್ತು, ಬುದ್ಧಿ ಮೂರೂ ಇಲ್ಲ. ಗಂಡ ಮರೀಗೌಡ ಸೇನೆಯ ಹೆಲಿಕಾಪ್ಟರಲ್ಲಿ ಮೆಕ್ಯಾನಿಕ್ಕಾಗಿದ್ದವನು, ಯುದ್ಧದಲ್ಲಿ ತೀರಿಹೋದ. ತುಕ್ಕು ಹಿಡಿದು ಬಿದ್ದಿದ್ದ ಆ ಹೆಲಿಕಾಪ್ಟರನ್ನೇ ಮಾಜಿ ಸೈನಿಕರು ಊರಿಗೆ ತಂದರು. ರಿಪೇರಿ ಮಾಡಿ, ಅದರಲ್ಲಿ ದುಡಿದವರ ಹೆಸರೆಲ್ಲ ಬಾಗಿಲ ಮೇಲೆ ಬರೆಸೋಣ ಅಂತ.

"ನಿಮ್ಮಪ್ಪನ ಹೆಸರೂ ಬರುತ್ತೆ ಕಣೋ! ಅದನ್ನ ನೋಡೋಕೇ ಜೀವ ಹಿಡ್ಕೊಂಡಿದೀನಿ. ಹೋಗಿ ಪೂವಯ್ಯ ಸಾಹೇಬರು ಹೇಳಿದಂಗೆ ಮಾಡು. ಕೆಡಿಸಬೇಡ!"

"ಆಯ್ತು ಕಣವ್ವ!"

ಪೂವಯ್ಯ ಸಾಹೇಬರು ಅದರ ಹಳೇ ಪೈಲಟ್ಟು. ಉಪ್ಪುಕಾಗದ ಕೊಟ್ಟು, "ತಗಡು ಹೊಳೆಯೋ ಹಾಗೆ ಉಜ್ಜು" ಅಂದರು. ಸಿಂಗ್ರಿ ಉಜ್ಜಿದ, ಉಜ್ಜಿದ. ತುಕ್ಕೂ ಹೋಯ್ತು, ಬಣ್ಣವೂ ಹೋಯ್ತು, ಹೆಲಿಕಾಪ್ಟರಿನ ನಂಬರೂ ಹೋಯ್ತು!

"ಅಯ್ಯೋ ಪೆದ್ದಾ! ಹಳೇದು ಏನಿದ್ದರೂ ಹಾಗೇ ಬಿಡಬೇಕು ಕಣೋ!"

"ಮುಂದಿನ ಸಲ ಹಂಗೇ ಮಾಡ್ತೀನಿ ಸಾರ್!"

ಮಾರನೇ ದಿನ ಒಳಗೆ ಗುಡಿಸೋಕೆ ಹೋದ. ಪೈಲಟ್ ಸೀಟಿನಡಿ ಕಡಜದ ಗೂಡು. ಹಳೇ ಗೂಡು! ಹಾಗೇ ಬಿಟ್ಟ. ಸಾಹೇಬರು ಹೋಗಿ ಕೂತರು. ಎದ್ದವರು ಮೂರು ದಿನ ಎಲ್ಲೂ ಕೂರಲಿಲ್ಲ.

"ಒಳಗೆ ಏನೇ ಕೂತಿರಲಿ, ಹೊಗೆ ಹಾಕಿ ಓಡಿಸೋ!"

"ಮುಂದಿನ ಸಲ ಹಂಗೇ ಮಾಡ್ತೀನಿ ಸಾರ್!"

ನಾಲ್ಕನೇ ದಿನ ಒಬ್ಬರು ಮುದುಕ ಸೈನಿಕರು ಬಂದರು. ಸೀಟಲ್ಲಿ ಕೂತು, ಹಳೇದೆಲ್ಲ ನೆನೆದು ಕಣ್ಣೊರೆಸಿಕೊಳ್ತಾ ಇದ್ದರು. ಸಿಂಗ್ರಿ ಬೆರಣಿ ಹಚ್ಚಿ ಹೊಗೆ ಹಾಕೇಬಿಟ್ಟ! ಪಾಪ, ಕೆಮ್ಮುತ್ತಾ ಹೊರಗೆ ಧುಮುಕಿದರು. ಸಾಹೇಬರು ರೇಗಿದರು.

"ಇನ್ನೊಂದು ಎಡವಟ್ಟು ಮಾಡು, ಹೆಸರು ತೋರಿಸೋ ಸಮಾರಂಭಕ್ಕೆ ನಿಮ್ಮವ್ವನನ್ನೂ ಬಿಡಲ್ಲ! ಇದರಲ್ಲಿ ದುಡಿದೋರು ಕಂಡರೆ ಸಲ್ಯೂಟ್ ಹೊಡಿ. ಅವರು ತಿರುಗಿ ಹೊಡೆಯೋವರೆಗೂ ಕೈ ಇಳಿಸಬಾರದು, ಅದು ಸೇನೆಯ ಪದ್ಧತಿ!"

"ಹಂಗೇ ಮಾಡ್ತೀನಿ ಸಾರ್!"

ಸಮಾರಂಭದ ದಿನ ಬಂತು. ಓದು ಬಾರದ ಚಿಕ್ಕತಾಯಮ್ಮನಿಗೆ ಸಾಹೇಬರೇ ಬಾಗಿಲ ಮೇಲೆ ಗಂಡನ ಹೆಸರು ತೋರಿಸಿದರು. ಅವಳು ಅಕ್ಷರ ಸವರಿ ಸವರಿ ಅತ್ತಳು. ಸಿಂಗ್ರಿ ನೆಟ್ಟಗೆ ನಿಂತು ಆ ಹೆಸರಿಗೆ ಸಲ್ಯೂಟ್ ಹೊಡೆದ.

ಭಾಷಣ ಮುಗೀತು, ಉಪ್ಪಿಟ್ಟು ಖಾಲಿಯಾಯ್ತು, ಶಾಮಿಯಾನ ಬಿಚ್ಚಿದರು. ಸಿಂಗ್ರಿ ಕೈ ಇಳಿಸಲಿಲ್ಲ.

"ಬಾರೋ ಮನೆಗೆ!"

"ಅಪ್ಪ ಇನ್ನೂ ತಿರುಗಿ ಹೊಡೆದಿಲ್ಲ ಕಣವ್ವ!"

ಸಾಹೇಬರು ಬೈಯೋಕೆ ಬಾಯಿ ತೆಗೆದರು. ಆಮೇಲೆ ಟೋಪಿ ಸರಿಮಾಡಿಕೊಂಡರು. ಮರೀಗೌಡನ ಹೆಸರಿನ ಪಕ್ಕ ಹೋಗಿ ನಿಂತು, ಸಲ್ಯೂಟ್ ಹೊಡೆದರು. "ನಿಮ್ಮಪ್ಪನ ಪರವಾಗಿ ಕಣಪ್ಪಾ. ಇಳಿಸು."

ಸಿಂಗ್ರಿ ಕೈ ಇಳಿಸಿದ. ಚಿಕ್ಕತಾಯಮ್ಮ ಕಣ್ಣೊರೆಸಿಕೊಂಡು, "ಸದ್ಯ, ನಡಿ" ಅಂದಳು.

"ತಾಳವ್ವ! ಬಾಗಿಲ ಮೇಲೆ ಇನ್ನೂ ಇಪ್ಪತ್ತೆರಡು ಜನ ಅವ್ರೆ!" ಅಂದ ಸಿಂಗ್ರಿ, ಮುಂದಿನ ಹೆಸರಿಗೆ ಕೈ ಎತ್ತಿದ.