ಬಾಗವ್ವನ ಮುಖದ ಬಣ್ಣ

ಹೊಳೆದಂಡೆಯ ಮೇಲೊಂದು ಆಶ್ರಮ. ಯಾವ ಹೊಳೆ ಅಂತ ಕೇಳಬೇಡಿ, ಎರಡೂ ದಂಡೆಯವರು ತಮ್ಮದೇ ಅಂತ ಜಗಳಕ್ಕೆ ಬರುತ್ತಾರೆ.

ಅಲ್ಲಿನ ಗುರುವನ್ನು ಎಲ್ಲರೂ ಕತ್ತರಿ ಅಜ್ಜ ಅನ್ನುತ್ತಿದ್ದರು. ಪೂರ್ವಾಶ್ರಮದಲ್ಲಿ ಅವರು ಸಿನಿಮಾ ರೀಲು ಕತ್ತರಿಸಿ ಅಂಟಿಸುತ್ತಿದ್ದ ಸಂಕಲನಕಾರ. ಸಂಸಾರ ಬಿಟ್ಟರು, ಆ ಕೆಲಸ ಬಿಡಲಿಲ್ಲ. ಈಗ ಶಿಷ್ಯರಿಗೆ ಕಂಪ್ಯೂಟರಿನಲ್ಲಿ ವಿಡಿಯೊ ಎಡಿಟಿಂಗ್ ಕಲಿಸುತ್ತಿದ್ದರು.

ಅಜ್ಜನ ಮೈಮೇಲೆ ಸದಾ ಬೂದಿ ಬಣ್ಣದ ಅಂಗಿ. ವೈರಾಗ್ಯ ಎಂದರು ಭಕ್ತರು. ಒಗೆಯಲು ಸೋಮಾರಿತನ ಎಂದಳು ಅಡುಗೆಯವಳು. ಅಜ್ಜ ಇಬ್ಬರಿಗೂ ಹೌದೆಂದರು.

ಶಿಷ್ಯ ಗುರುಶಾಂತ ಮಾತ್ರ ಬಂದ ವಾರದಲ್ಲೇ ಕೆಂಡದಂಥ ಕಾವಿ ನಿಲುವಂಗಿ ಹೊಲಿಸಿಕೊಂಡ. ಅವನು ಪಕ್ಕದಲ್ಲಿ ನಿಂತರೆ ಬಿಳಿ ಗೋಡೆಯೂ ಸನ್ಯಾಸ ತಗೊಂಡಂತೆ ಕಾಣುತ್ತಿತ್ತು.

ಸುತ್ತಲಿನ ಊರುಗಳಿಗೆಲ್ಲ ಸೂಲಗಿತ್ತಿ ಬಾಗವ್ವ. ಅವಳ ಕೈಯಲ್ಲಿ ಹುಟ್ಟಿದವರೆಲ್ಲ ಸೇರಿ ಅವಳಿಗೊಂದು ಸನ್ಮಾನ ಇಟ್ಟುಕೊಂಡಿದ್ದರು. ಸಂಜೆ ಉಸುಕಿನ ಮೇಲೆ ಪರದೆ ಕಟ್ಟಿ ಅವಳ ಚಿತ್ರ ತೋರಿಸಬೇಕು. ಚಿತ್ರ ಕೂಡಿಸುವುದು ಗುರುಶಾಂತನ ಪಾಲಿಗೆ ಬಂದಿತ್ತು. ಅವನ ಮೊದಲ ಕೆಲಸ.

ಕ್ಯಾಮೆರಾ ಎದುರು ಕೂತ ದಿನವೇ ಬಾಗವ್ವ ಬೆರಳೆತ್ತಿ ಅವನಿಗೆ ಹೇಳಿದ್ದಳು: “ತಮ್ಮಾ, ನಮ್ಮ ಅಕ್ಕನ ಫೋಟೋ ತಗದವರು ಜೀವಂತ ಇದ್ದಾಕಿನ್ನ ಹೆಣದಂಗ ಮಾಡಿಟ್ಟಿದ್ರು. ನೀ ಹಂಗ ಮಾಡಿದ್ರ ಎಲ್ಲಾರ ಮುಂದ ಎದ್ದು ಹೋಗ್ತೀನಿ ನೋಡು. ಹುಟ್ಟಿದಾಗ ನಿನ್ನ ಮುಖಾ ಮೊದಲ ನೋಡಿದಾಕಿ ನಾನು.”

ಸನ್ಮಾನದ ದಿನ ಬೆಳಿಗ್ಗೆ ಗುರುಶಾಂತ ಫೋನು ಹಿಡಿದು ಹೊಳೆಯಲ್ಲಿದ್ದ ಅಜ್ಜನ ಹತ್ತಿರ ಓಡಿಬಂದ.

“ಅಜ್ಜಾರ, ಒಳಗ ಮಾನಿಟರಿನ್ಯಾಗ ಬಾಗವ್ವ ಜ್ವರಾ ಬಂದಂಗ ಕೆಂಪಗ ಇದ್ಲರಿ. ಅದಕ್ಕ ಕೆಂಪು ಇಳಿಸಿದೆ. ಛಲೋ ಆತು. ಫೋನಿನ್ಯಾಗ ಹಾಕ್ಕೊಂಡು ಇಲ್ಲಿ ಬಂದು ನೋಡಿದ್ರ...”

ಫೋನಿನಲ್ಲಿ ಬಾಗವ್ವ ಹಾಗಲಕಾಯಿ ಬಣ್ಣಕ್ಕೆ ತಿರುಗಿದ್ದಳು.

“ಇವೆರಡರಾಗ ಖರೇ ಯಾವುದು?” ಎಂದರು ಅಜ್ಜ.

“ಅದಾ ತಿಳೀವಲ್ದುರಿ.”

“ಹಂಗಾರ ಒಂದೊಂದಾ ಬದಲಿ ಮಾಡಿ ನೋಡು. ಎಲ್ಲಾ ಒಮ್ಮಿಗೇ ಕೆದರಬ್ಯಾಡ.”

ಗುರುಶಾಂತ ಎಲ್ಲವನ್ನೂ ಒಮ್ಮೆಗೇ ಕೆದರಿದ. ಕೇಬಲ್ಲು ಬದಲಿಸಿದ. ಮಾನಿಟರಿನ ಗುಂಡಿಗಳನ್ನೆಲ್ಲ ಒತ್ತಿದ. ಸಾಲದ್ದಕ್ಕೆ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿದ. ಹೊಸದು ಅವನ ಹಳೇ ಕೆಲಸದ ಗುರುತೇ ಹಿಡಿಯಲಿಲ್ಲ.

ಮತ್ತೆ ಹೊಳೆಗೆ ಓಡಿ ಆದದ್ದನ್ನೆಲ್ಲ ಹೇಳಿದ.

ಅಜ್ಜ ಕಲ್ಲಿನ ಮೇಲೆ ಒಣಹಾಕಿದ್ದ ಪಂಚೆಯೊಂದನ್ನು ಕೊಟ್ಟರು. “ಎದಿಮಟಾ ನೀರಿಗಿಳಿ. ಉಟ್ಟಿದ್ದು ಬಿಚ್ಚಿ, ಅಲ್ಲೇ ಇದನ್ನ ಉಟ್ಕೊಂಡು ಬಾ.”

ಗುರುಶಾಂತ ಕಾವಿ ನಿಲುವಂಗಿಯನ್ನು ಜೋಪಾನವಾಗಿ ದಂಡೆಯ ಮೇಲಿಟ್ಟು ನೀರಿಗಿಳಿದ. ಬಹಳ ಹೊತ್ತು ಒದ್ದಾಡಿದ. ಬಟ್ಟೆ ಒಗೆಯಲು ಬಂದವರು ಕಲ್ಲು ಬಿಟ್ಟು ಎದ್ದು ನೋಡಿದರಂತೆ.

“ಹಳೇದು, ಹೊಸಾದು ಎರಡೂ ಪಂಚಿ ತೊಯ್ದುವ್ರಿ ಅಜ್ಜಾರ. ಒಂದಂತೂ ಹರಕೊಂಡ ಹೊಂಟಿತ್ತು.”

“ಹೊಸಾದು ಹಾಕ್ಕೊಳ್ಳೋದು ದಂಡಿಗೆ ಬಂದ ಮ್ಯಾಲೆ. ಸಂಜಿತನಕ ಹಳೇ ಸಾಫ್ಟ್‌ವೇರೇ ಇರಲಿ. ಕೆಲಸದ ಪ್ರತಿ ಬ್ಯಾರೆ ಡಿಸ್ಕಿನ್ಯಾಗ ಐತಿಲ್ಲೋ?”

“ಐತ್ರಿ. ದಿನಾ ಬೈತೀರಲ್ರಿ, ಅದಕ್ಕ.”

ಹಳೆಯದು ಮರಳಿ ಬಂತು. ಆದರೆ ಈಗ ಯಂತ್ರವೇ ನಡುನಡುವೆ ನಿಲ್ಲತೊಡಗಿತು. ಬಾಗವ್ವ ಬಾಯಿ ತೆರೆದವಳು ಹಾಗೇ ಉಳಿಯುತ್ತಿದ್ದಳು. ಗುರುಶಾಂತನಿಗೆ ಅಳು ಬರುವುದೊಂದು ಬಾಕಿ. ಮಧ್ಯಾಹ್ನ ಆಗಲೇ ಜಾರಿತ್ತು.

ಅಜ್ಜ ತಾವೇ ಒಳಗೆ ಬಂದರು. ಮೇಜಿನ ಪಕ್ಕದಲ್ಲಿ ಕಂಪ್ಯೂಟರಿನ ಪೆಟ್ಟಿಗೆ ಜರಿ ಶಾಲು ಹೊದ್ದು ಕೂತಿತ್ತು.

“ಇದೇನೋ?”

“ಆಯುಧಪೂಜೆಗೆ ಹೊದಿಸಿದ್ದುರಿ. ತಗಿಯಾಕ ಮನಸು ಬರಲಿಲ್ಲ.”

“ಸನ್ಮಾನ ಬಾಗವ್ವಂದಲ್ಲೇನು? ಇದಕ್ಕ ಯಾಕ ಶಾಲು?”

ಅಜ್ಜ ಯಂತ್ರ ಆರಿಸಿ ಶಾಲು ತೆಗೆದರು. ಪೆಟ್ಟಿಗೆ ಬಿಚ್ಚಿ ಫ್ಯಾನಿಗೆ ಅಂಟಿದ್ದ ಊದುಬತ್ತಿಯ ಬೂದಿಯನ್ನು ಮೆಲ್ಲಗೆ ಕುಂಚದಿಂದ ಗುಡಿಸಿದರು. ಯಂತ್ರ ನಿಟ್ಟುಸಿರು ಬಿಟ್ಟು ಓಡಿತು.

ಬಣ್ಣ ನೋಡಲು ಅಜ್ಜ ಕುರ್ಚಿಯಲ್ಲಿ ಕೂತರು. ಬೆನ್ನ ಹಿಂದಿನ ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಮಾನಿಟರಿನ ಗಾಜಿನಲ್ಲಿ ಬಾಗವ್ವ ಹಸಿರು.

“ಅಯ್ಯ, ಈಗ ಇಲ್ಲೂ ಹಸರಾತು!” ಗುರುಶಾಂತ ಅಜ್ಜನನ್ನು ಎಬ್ಬಿಸಿ ತಾನು ಕೂತ. ಬಾಗವ್ವ ನೆಟ್ಟಗಾದಳು. ಅಜ್ಜ ಕೂತರು. ಹಸಿರು. ಅವನು ಕೂತ. ನೆಟ್ಟಗೆ.

ಗುರುಶಾಂತ ದಡಬಡಿಸಿ ಕಾಲಿಗೆ ಬಿದ್ದ. “ತಿಳೀತ್ರಿ ಅಜ್ಜಾರ! ನಿಮ್ಮ ತಪಸ್ಸಿನ ಶಕ್ತಿ ಮಷೀನು ತಡಕೊಳ್ಳವಲ್ದು. ಕೈ ಮುಗೀತೀನ್ರಿ, ಸಂಜಿತನಕ ನೀವು ದೂರ ಇರ್ರಿ.”

“ದೂರ ಹೋಗ್ತೀನಿ. ಮೊದಲ ಅಂಗಿ ಬಿಚ್ಚು.”

“ಯಾರದ್ರಿ?”

“ನಂದು ನಾ ಬಿಚ್ಚತೀನಿ. ನಿಂದು ನೀ ಬಿಚ್ಚು.”

ಅಜ್ಜನ ಬೂದಿ ಅಂಗಿ ತೊಟ್ಟು ಗುರುಶಾಂತ ಮತ್ತೆ ಕೂತ. ಬಾಗವ್ವ ಹಸಿರಾಗಿ ಅವನನ್ನೇ ನೋಡುತ್ತಿದ್ದಳು. ಎದ್ದು ಹೋಗುತ್ತೀನಿ ಅನ್ನುವ ಹಾಗೆ.

ಅಜ್ಜ ಕಾವಿ ನಿಲುವಂಗಿಯನ್ನು ಅವನ ಪಕ್ಕದ ಬಿಸಿಲಿಗೆ ಎರಡೂ ಕೈಯಲ್ಲಿ ಹರಡಿ ಹಿಡಿದರು. ಗಾಜಿನ ಮೇಲೆ ಕೆಂಪು ಮೂಡಿತು. ಮಡಚಿದರು. ಹೋಯಿತು. ಹರಡಿದರು. ಬಂತು.

ಗುರುಶಾಂತ ಎದ್ದು ಕಿಟಕಿ ಮುಚ್ಚಿದ. ಅವಳ ಮುಖದಿಂದ ತೆಗೆದಿದ್ದ ಕೆಂಪನ್ನೆಲ್ಲ ಒಂದೊಂದಾಗಿ ಅವಳಿಗೆ ವಾಪಸು ಕೊಟ್ಟ.

ಸಂಜೆ ಉಸುಕಿನ ಮೇಲೆ ಜನ. ಪರದೆಯ ಮೇಲೆ ಬಾಗವ್ವ, ಹುರಿದ ಶೇಂಗಾದ ಬಣ್ಣದವಳು. ಜನರ ನಡುವೆ ಕೂತಿದ್ದ ಬಾಗವ್ವ ಮೊಣಕಾಲಿಗೆ ಕೈಯೂರಿ ಅರ್ಧ ಎದ್ದಳು. ಎದ್ದೇ ಹೋದಳು ಅಂದುಕೊಂಡ ಗುರುಶಾಂತ.

“ಮುಂದಿನವರು ತಲಿ ತಗ್ಗಸ್ರೋ!” ಎಂದು ಗದರಿಸಿದಳು ಅವಳು. “ನನ್ನ ಮುಖಾ ನನಗ ಕಾಣವಲ್ದು.”

ಜನ ಚದುರಿದ ಮೇಲೆ ಗುರುಶಾಂತ ಮಡಚಿದ ನಿಲುವಂಗಿ ಹಿಡಿದು ಅಜ್ಜನ ಹತ್ತಿರ ಬಂದ.

“ಅಜ್ಜಾರ, ಇನ್ನ ಮ್ಯಾಲೆ ಕಾವಿ ಹಾಕ್ಕೋಬಾರದೇನ್ರಿ?”

“ಹಾಕ್ಕೋಪಾ, ಯಾರು ಬ್ಯಾಡಂದ್ರು? ಮಂದಿ ಮುಖಾ ನೋಡುಮುಂದ ಬಿಚ್ಚಿಡು.”