ಬಡಗಿಯನ್ನು ಕೇಳಲು ಬಂದವರು

“ಅಜ್ಜಿ, ಸತ್ತವರ ಮುಂದೆ ಕಿತ್ತಾಡುವುದು ಯಾವ ಮರ್ಯಾದೆ? ನಾಳೆ ಅವರು ಬಂದು ಕೇಳಿದರೆ ಚಿಕ್ಕಮ್ಮನ ದೇಹವನ್ನು ಸುಮ್ಮನೆ ಕೊಟ್ಟು ಕಳಿಸಬಾರದೆ?”

ಕೇಳಿದವನು ಮಾತಿಯು ಎಂಬ ಯುವಕ. ನ್ಯೂಜಿಲೆಂಡಿನ ಒಂದು ಮಾವೋರಿ ಹಳ್ಳಿ ಅವನದು. ಆ ಊರಿಗೆ ಸೊಸೆಯಾಗಿ ಬಂದಿದ್ದ ಅವನ ಚಿಕ್ಕಮ್ಮ ತೀರಿಕೊಂಡಿದ್ದಳು. ಮರುದಿನ ಅವಳ ತವರಿನವರು ಬರುವವರಿದ್ದರು. ಊರಿನ ಪರವಾಗಿ ಅವರಿಗೆ ಉತ್ತರ ಕೊಡುವ ಸರದಿ ಮಾತಿಯುವಿನದು. ಸಭೆಯ ಅಂಗಳದಲ್ಲಿ ನಿಂತು ಮಾತಾಡುವ ಕ್ರಮವನ್ನು ಅವನು ಕಲಿತದ್ದು ತೆ ಪಾಯೆಯಾ ಅಜ್ಜಿಯಿಂದ. ಅವರು ಕಾಲೇಜು ಓದಿದವರು. ಊರಿನ ಹುಟ್ಟು ಸಾವುಗಳನ್ನು ತಪ್ಪದೆ ಬರೆದಿಡುತ್ತಿದ್ದವರು. ಹಳೆಯ ದಿನಚರಿ ತೆರೆದು ಒಂದು ಸಾವಿನ ತಾರೀಖು ಓದಿದರು: 1951ರ ಆಗಸ್ಟ್ ಹನ್ನೊಂದು, ಶನಿವಾರ. ಆಮೇಲೆ ಅದನ್ನು ಮುಚ್ಚಿಟ್ಟು ಕತೆ ಹೇಳಿದರು.

ಒಬ್ಬ ಬಡಗಿ ಇದ್ದ. ದೂರದ ಕರಾವಳಿಯವನು. ಮದುವೆಯಾಗಿ ಹೆಂಡತಿಯ ಊರಲ್ಲೇ ನೆಲೆಸಿದ. ಆ ಊರಿನ ಬಾಗಿಲು ಕಿಟಕಿಗಳೆಲ್ಲ ಅವನ ಕೈಯಲ್ಲೇ ಆದವು. ಅವನು ಸತ್ತಾಗ ಹೆಂಡತಿ ಹೆಣದ ಪಕ್ಕದಲ್ಲಿ ಕುಳಿತಳು. ಊರವರು ಗುಡ್ಡದ ಮೇಲೆ ಗುಂಡಿ ತೋಡಿಸಿದರು.

ಬಡಗಿಯ ಕಡೆಯವರು ಬಸ್ಸು ಮಾಡಿಕೊಂಡು ಬಂದರು. ಅವನ ಸೋದರತ್ತೆ, ಹಲ್ಲಿಲ್ಲದ ಮುದುಕಿ, ಕೋಲು ಊರಿಕೊಂಡು ಅಂಗಳದ ನಡುವೆ ನಿಂತಳು. “ಇವನು ಚಿಕ್ಕವನಿದ್ದಾಗ ನನ್ನ ಹೊಲದ ಗೆಣಸು ಕದ್ದು ತಿಂದ ಕಳ್ಳ. ಇಷ್ಟು ವರ್ಷ ಕಳ್ಳನನ್ನು ಬಚ್ಚಿಟ್ಟುಕೊಂಡಿದ್ದೀರಿ. ಈಗ ನಮಗೆ ಒಪ್ಪಿಸಿ” ಎಂದಳು. ಅಳುತ್ತಿದ್ದವರೂ ನಕ್ಕರು.

ಹೆಂಡತಿಯೂ ತಲೆಯೆತ್ತಿದಳು. ಮುಂದಿನದು ಅವಳಿಗೆ ಗೊತ್ತಿತ್ತು. ತನ್ನ ಕಡೆಯವರು ಏಳುತ್ತಾರೆ, ಕೊಡುವುದಿಲ್ಲ ಎನ್ನುತ್ತಾರೆ. ಅವನು ಕಟ್ಟಿದ ಒಂದೊಂದು ಮನೆಯನ್ನೂ ತೋರಿಸಿ, ಇವನು ನಮ್ಮವನು ಎನ್ನುತ್ತಾರೆ. ಅವರು ಬೈಯುತ್ತಾರೆ, ಇವರು ಬೈಯುತ್ತಾರೆ. ಹೊತ್ತು ಮುಳುಗುವಷ್ಟರಲ್ಲಿ ಗಂಡನ ಬದುಕೆಲ್ಲ ಎರಡೂ ಕಡೆಯವರ ಬಾಯಲ್ಲಿ ಬಂದಿರುತ್ತದೆ. ಕೊನೆಗೆ ಬಂದವರು ಸೋತು, ಹೊಟ್ಟೆತುಂಬ ಉಂಡು, ಸಮಾಧಾನದಿಂದ ಬಸ್ಸು ಹತ್ತುತ್ತಾರೆ.

ಉತ್ತರ ಹೇಳಲು ಎದ್ದವನು ಅವಳ ಅಣ್ಣ. ಪಟ್ಟಣದ ಕಚೇರಿಯಲ್ಲಿ ಕೆಲಸ ಮಾಡುವವನು. ಜಗಳ ಅವನಿಗೆ ಆಗದು. “ಅತ್ತೆ, ಅಷ್ಟು ದೂರದಿಂದ ಬಂದಿದ್ದೀರಿ. ಭಾವ ನಿಮ್ಮವರೇ. ಕರೆದುಕೊಂಡು ಹೋಗಿ” ಎಂದ.

ಮುದುಕಿ ಕಿವಿ ಕೇಳದವಳ ಹಾಗೆ ಅವನ ಹತ್ತಿರ ಬಂದಳು. ತಗ್ಗಿದ ದನಿಯಲ್ಲಿ, “ಒಂದು ಸಲವಾದರೂ ಇಲ್ಲ ಅನ್ನಪ್ಪ” ಎಂದಳು.

ಅವನು ಅದನ್ನು ಸಂಕೋಚದ ಮಾತು ಎಂದುಕೊಂಡ. ಮನಸಾರೆ ಕೊಟ್ಟಿದ್ದೇವೆ ಎಂದ.

ಮುದುಕಿಯ ಮುಖ ಬಿಳಿಚಿತು. ಕೊಟ್ಟ ಮೇಲೆ ಬೇಡ ಎಂದರೆ ತಮ್ಮ ಹುಡುಗನನ್ನು ತಾವೇ ತಳ್ಳಿದಂತೆ. ಅವರು ಒಯ್ಯಲು ಸಿದ್ಧರಾಗಿ ಬಂದಿರಲಿಲ್ಲ. ಅವರ ಊರಲ್ಲಿ ಗುಂಡಿ ತೋಡಿರಲಿಲ್ಲ. ಶವಪೆಟ್ಟಿಗೆ ಬಸ್ಸಿನೊಳಗೆ ಹಿಡಿಸಲಿಲ್ಲ. ಸೀಟುಗಳನ್ನು ಬಿಚ್ಚಿ ಅಂಗಳದಲ್ಲಿ ಇಟ್ಟರು. ಬಡಿಸಿದ ಊಟ ಬಡಿಸಿದಂತೆಯೇ ಉಳಿಯಿತು. ಹೆಂಡತಿ ಅಳಲಿಲ್ಲ. ಗಂಡನನ್ನು ಹೊತ್ತು ನಡೆದವರ ಕಾಲುಗಳನ್ನೇ ನೋಡುತ್ತ ಕುಳಿತಿದ್ದಳು.

ಕತೆ ಅಲ್ಲಿಗೆ ನಿಂತಿತು. ಮಾತಿಯುವಿಗೆ ಗಾಬರಿಯಾಗಿತ್ತು. ಆಮೇಲೆ ಏನಾಯಿತು ಎಂದು ಕೇಳಿದ.

ಆದದ್ದನ್ನು ಅಜ್ಜಿ ಹೇಳಿದರು. ಗುಡ್ಡದ ಮೇಲಿನ ಗುಂಡಿಯನ್ನು ಬರಿದಾಗಿಯೇ ಮುಚ್ಚಿದರು. ಅಪ್ಪನ ಸಮಾಧಿ ನೋಡಬೇಕಾದರೆ ಮಕ್ಕಳು ರೈಲು ಹತ್ತಬೇಕಾಯಿತು; ಕ್ರಮೇಣ ಹೋಗುವುದನ್ನು ಬಿಟ್ಟರು. ಎರಡು ಊರುಗಳ ನಡುವೆ ಹೆಣ್ಣು ಕೊಡುವುದೂ ತರುವುದೂ ನಿಂತಿತು. ಹೆಂಡತಿ ಸತ್ತಾಗ ಆ ಬರಿ ಗುಂಡಿಯ ಪಕ್ಕದಲ್ಲಿ ಅವಳನ್ನು ಒಂಟಿಯಾಗಿ ಮಣ್ಣುಮಾಡಿದರು. ಕೊನೆಗೆ ಅಣ್ಣನೂ ಸತ್ತ. ಅವನನ್ನು ಕೇಳಿಕೊಂಡು ಯಾವ ಊರಿನವರೂ ಬರಲಿಲ್ಲ. ಯಾರೂ ಜಗಳವಾಡಲಿಲ್ಲ. ಮಣ್ಣುಮಾಡುವುದು ಗೊತ್ತುಮಾಡಿದ ಹೊತ್ತಿಗೆ ಸರಿಯಾಗಿ ಮುಗಿಯಿತು.

ಮಾತಿಯು ತಲೆ ತಗ್ಗಿಸಿದ.

“ಬಿಸಿನೀರು ಕುಡಿದು ಮಲಗು ಮಗು, ನಾಳೆ ಹೊತ್ತು ಮುಳುಗುವವರೆಗೂ ನೀನು ಇಲ್ಲ ಎನ್ನಬೇಕು” ಎಂದರು ಅಜ್ಜಿ.